ರಿಪೋರ್ಟಿನ ಅಂಕಿ ಇಳಿದರೆ ಕಾಯಿಲೆಯೂ ಇಳಿಯಿತೇ?

ಕೊಡಗಿನ ಗೋಣಿಕೊಪ್ಪದ ಒಂದು ಚಿಕ್ಕ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ರಿಪೋರ್ಟು ಕೈಗೆ ಬಂದ ಕೂಡಲೇ ಜನ ಹುಡುಕುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯನ್ನು. ಎರಡನೆಯ ಸಲ ಬಂದವರಾದರೆ ಹಳೆಯ ರಿಪೋರ್ಟನ್ನೂ ಬಿಡಿಸಿ ಪಕ್ಕದಲ್ಲಿಟ್ಟು ನೋಡುತ್ತಾರೆ, ಅಂಕಿ ಇಳಿದಿದ್ದರೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇದು ಸರಿಹೋಯಿತಲ್ಲ, ಇನ್ನು ಭಯವಿಲ್ಲ ತಾನೇ?’ ಕಳೆದ ತಿಂಗಳು ಹೀಗೆ ಕೇಳಿದವರು ಪೊನ್ನಂಪೇಟೆ ಕಡೆಯ ಒಬ್ಬ ಹಿರಿಯ ಕಾಫಿ ಬೆಳೆಗಾರರು. ಅವರ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಂಕಿ, ಅಂದರೆ ಎಚ್‌ಬಿಎ1ಸಿ, 8.4ರಿಂದ 6.9ಕ್ಕೆ ಬಂದಿತ್ತು. ನಾನು ವೈದ್ಯನಲ್ಲ, ಚಿಕಿತ್ಸೆಯ ಮಾತನ್ನು ಡಾಕ್ಟರ ಹತ್ತಿರವೇ ಆಡಿ ಎಂದು ಹೇಳಿ ಕಳುಹಿಸಿದೆ. ಆದರೆ ಅಂಕಿಗೂ ಕಾಯಿಲೆಗೂ ಇರುವ ನಂಟು ಎಂಥದು ಎಂಬುದು ವೈದ್ಯರೊಬ್ಬರ ತಲೆನೋವಲ್ಲ, ಅದನ್ನು ಅಳೆಯುವವನದೂ ಹೌದು.

ಬೆಳೆಗಾರರಿಗೆ ನಾನು ಕೊಡುವ ಉದಾಹರಣೆ ಅವರ ತೋಟದ್ದೇ. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಬಾಡಿದರೆ ಬಿಳಿ ಕಾಂಡಕೊರಕ ಹುಳು ಹೊಕ್ಕಿರಬಹುದು, ಬೇರು ಕೊಳೆತಿರಬಹುದು, ಬರೀ ಗೊಬ್ಬರ ಸಾಲದೆಯೂ ಇರಬಹುದು. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ ಮಾತ್ರ ಒಳಗೆ ಹುಳು ಕೊರೆದಿದೆ ಎಂದು ಧೈರ್ಯವಾಗಿ ಹೇಳಬಹುದು. ಎರಡೂ ಸೂಚನೆಗಳೇ, ಆದರೆ ಎರಡರ ತೂಕ ಒಂದೇ ಅಲ್ಲ. ಇನ್ನೂ ಒಂದು ಮಾತಿದೆ: ತೊಗಟೆ ಉಜ್ಜಿ ಕಾಂಡವನ್ನು ನುಣುಪು ಮಾಡುವುದು ಆ ಹುಳುವಿನ ತಾಯಿ ದುಂಬಿ ಹೊಸದಾಗಿ ಮೊಟ್ಟೆ ಇಡದಿರಲೆಂದು, ಆಗಲೇ ಒಳಹೊಕ್ಕ ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ಸೂಚನೆ ಅಳಿಸಿದ ಮಾತ್ರಕ್ಕೆ ಕೊರೆತ ನಿಲ್ಲಲೇಬೇಕೆಂದಿಲ್ಲ.

ದೇಹದಲ್ಲಿ ಅಳೆಯಬಹುದಾದ ಇಂಥ ಸೂಚನೆಯನ್ನು ಜೈವಿಕ ಸೂಚಕ ಅಥವಾ ಬಯೋಮಾರ್ಕರ್ ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1998ರಲ್ಲಿ ಕರೆದ ತಜ್ಞರ ಕೂಟವೊಂದು ಅದಕ್ಕೆ ಕೊಟ್ಟ ವ್ಯಾಖ್ಯೆಯ ಸಾರ ಇಷ್ಟೇ: ದೇಹದ ಸಹಜ ಕ್ರಿಯೆಯನ್ನೋ ರೋಗದ ನಡೆಯನ್ನೋ ಔಷಧಿಗೆ ದೇಹ ತೋರುವ ಪ್ರತಿಕ್ರಿಯೆಯನ್ನೋ ಸೂಚಿಸುವ, ವಸ್ತುನಿಷ್ಠವಾಗಿ ಅಳೆಯಬಹುದಾದ ಲಕ್ಷಣ. ಹೆಸರು ಹೊಸದು, ಸಂಗತಿ ಹಳೆಯದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಗಮನಿಸಿ ‘ಮಧುಮೇಹ’ ಎಂದ ನಮ್ಮ ಹಳೆಯ ವೈದ್ಯರ ಕೈಯಲ್ಲಿ ಇರುವೆಯೇ ಲ್ಯಾಬ್ ಆಗಿತ್ತು.

ಅಂಕಿಯನ್ನು ಸರಿಪಡಿಸಿದರೆ ಸಾಕೆಂಬ ನಂಬಿಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಹೃದಯದ ಔಷಧಿಗಳ ಒಂದು ಕಥೆಯಿದೆ. ಒಮ್ಮೆ ಹೃದಯಾಘಾತವಾದವರ ಇಸಿಜಿಯಲ್ಲಿ ಅಕಾಲದ ಬಡಿತಗಳು ಹೆಚ್ಚಾಗಿ ಕಂಡರೆ, ಅಂಥವರು ಹಠಾತ್ತಾಗಿ ಸಾಯುವ ಸಂಭವ ಹೆಚ್ಚೆಂಬುದು ಗೊತ್ತಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಆ ಬಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದುದರಿಂದ, ಬಡಿತ ಅಡಗಿದರೆ ಸಾವೂ ತಗ್ಗುತ್ತದೆಂದು ಬಗೆದು ವೈದ್ಯರು ಅವನ್ನು ಬರೆದುಕೊಡುತ್ತಿದ್ದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಏಕೆಂದರೆ ಇಸಿಜಿ ಕಾಗದ ಕಣ್ಣೆದುರೇ ಚೊಕ್ಕಟವಾಗುತ್ತಿತ್ತು. ಕಾಸ್ಟ್ ಎಂಬ ಹೆಸರಿನ ಅಧ್ಯಯನವೊಂದು ಈ ನಂಬಿಕೆಯನ್ನು ಒರೆಗೆ ಹಚ್ಚಿತು. ಮಾತ್ರೆಯಿಂದ ಯಾರ ಅಕಾಲದ ಬಡಿತ ಅಡಗಿತೋ ಅಂಥವರನ್ನೇ ಆರಿಸಿ, ಅರ್ಧದಷ್ಟು ಜನರಿಗೆ ನಿಜವಾದ ಮಾತ್ರೆಯನ್ನೂ ಉಳಿದವರಿಗೆ ಔಷಧಿಯಿಲ್ಲದ ಮಾತ್ರೆಯನ್ನೂ ಕೊಡಲಾಯಿತು. ಸರಾಸರಿ ಹತ್ತು ತಿಂಗಳ ಲೆಕ್ಕ ಹೀಗಿತ್ತು: ಔಷಧಿ ತೆಗೆದುಕೊಂಡ 755 ಜನರಲ್ಲಿ 63 ಮಂದಿ ತೀರಿಕೊಂಡಿದ್ದರು, ತೆಗೆದುಕೊಳ್ಳದ 743 ಜನರಲ್ಲಿ 26. 1989ರಲ್ಲಿ ಆ ಎರಡು ಔಷಧಿಗಳ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಸಿಜಿ ಸುಧಾರಿಸಿದ್ದು ನಿಜ, ಸಾವು ಹೆಚ್ಚಿದ್ದೂ ನಿಜ. ನನ್ನ ವೃತ್ತಿಯವರೆಲ್ಲ ಗೋಡೆಗೆ ಅಂಟಿಸಿಕೊಳ್ಳಬೇಕಾದ ಲೆಕ್ಕವಿದು.

ಹಾಗಾದರೆ ಶುಗರಿನ ಅಂಕಿ ಇಳಿಸುವುದು ವ್ಯರ್ಥವೇ ಎಂದರೆ, ಖಂಡಿತ ಅಲ್ಲ. ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎಚ್‌ಬಿಎ1ಸಿ 7.9ರ ಬದಲು 7.0ರ ಆಸುಪಾಸಿನಲ್ಲಿದ್ದವರಿಗೆ ಕಣ್ಣು, ಮೂತ್ರಪಿಂಡಗಳಂಥ ಸಣ್ಣ ರಕ್ತನಾಳಗಳ ತೊಂದರೆ ಶೇ. 25ರಷ್ಟು ಕಡಿಮೆಯಾಗಿತ್ತು. ಹತ್ತು ವರ್ಷಗಳ ನಂತರ ಅಮೆರಿಕ ಮತ್ತು ಕೆನಡಾದಲ್ಲಿ 10,251 ಮಧುಮೇಹಿಗಳ ಮೇಲೆ ನಡೆದ ಅಕಾರ್ಡ್ ಅಧ್ಯಯನದಲ್ಲಿ, ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ಇಳಿಸಲೇಬೇಕೆಂದು ಹಠ ಹಿಡಿದ ಗುಂಪಿನಲ್ಲಿ ಸಾವುಗಳು ಹೆಚ್ಚಾದ್ದರಿಂದ 2008ರ ಫೆಬ್ರವರಿಯಲ್ಲಿ ಆ ಬಿಗಿ ಚಿಕಿತ್ಸೆಯನ್ನು ಕೈಬಿಡಲಾಯಿತು. ಅದೇ ಅಂಕಿ, ಆದರೆ ಎಷ್ಟರಿಂದ ಎಷ್ಟಕ್ಕೆ, ಯಾರಲ್ಲಿ, ಯಾವ ದಾರಿಯಿಂದ ಇಳಿಯಿತು ಎನ್ನುವುದರ ಮೇಲೆ ಅದರ ಅರ್ಥ ಬೇರೆಯಾಗುತ್ತದೆ. ಬೆಳೆಗಾರರ 6.9 ಒಳ್ಳೆಯ ಸುದ್ದಿಯೇ. ಆದರೆ ಪಾದದ ಜೋಮು, ಕಣ್ಣಿನ ಪರೀಕ್ಷೆ, ರಕ್ತದೊತ್ತಡಗಳ ಬದಲಿಗೆ ನಿಲ್ಲುವ ಸುದ್ದಿ ಅದಲ್ಲ.

ಇಷ್ಟಕ್ಕೂ ಅಂಕಿ ತಾನೇ ಹಾದಿ ತಪ್ಪಿಸುವುದುಂಟು. ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯ ಪಾಲು. ಕಣ ಸುಮಾರು 120 ದಿನ ಬದುಕುತ್ತದೆಂಬ ಲೆಕ್ಕದ ಮೇಲೆ ಆ ಅಂಕಿ ನಿಂತಿದೆ. ತೋಟದ ಕೆಲಸಗಾರರ ಲೈನ್‌ಮನೆಯಿಂದ ಬಂದ ಒಬ್ಬ ಹೆಣ್ಣುಮಗಳ ಎಚ್‌ಬಿಎ1ಸಿ 6.6 ಬಂತು, ಪುಸ್ತಕದ ಪ್ರಕಾರ 6.5 ಮುಟ್ಟಿದರೆ ಮಧುಮೇಹ. ಆದರೆ ಅವರ ಬರಿಹೊಟ್ಟೆಯ ಶುಗರ್ ಸಹಜವಾಗಿಯೇ 92, ಹಿಮೋಗ್ಲೋಬಿನ್ ಬರೀ 8, ಗಾಜಿನ ಪಟ್ಟಿಯ ಮೇಲೆ ಕಣಗಳು ಬಿಳಿಚಿಕೊಂಡು ಚಿಕ್ಕದಾಗಿದ್ದವು. ಕಬ್ಬಿಣದ ಕೊರತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರುವುದುಂಟು. ಹೀಗಾಗಿ ರಿಪೋರ್ಟಿನ ಕೆಳಗೆ ಒಂದು ಸಾಲು ಬರೆದು ಡಾಕ್ಟರಿಗೆ ಫೋನನ್ನೂ ಮಾಡಿದೆ. ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ನುಂಗಿ ಮರಳಿ ಬಂದಾಗ 5.9 ಇತ್ತು.

ಇದರ ತಿರುವುಮುರುವು ಕುಡುಗೋಲು ಕಣದ ಕಾಯಿಲೆಯಲ್ಲಿ, ಅಂದರೆ ಸಿಕಲ್ ಸೆಲ್‌ನಲ್ಲಿ ಆಗುತ್ತದೆ: ಕಣಗಳು ಬೇಗ ಸಾಯುವುದರಿಂದ ಎಚ್‌ಬಿಎ1ಸಿ ಸುಳ್ಳಾಗಿ ಕಡಿಮೆ ಬರುತ್ತದೆ. ಕೊಡಗಿನ ಬುಡಕಟ್ಟು ಹಾಡಿಗಳಲ್ಲಿ ಈ ಕಾಯಿಲೆ ಇರುವುದರಿಂದ ಇದು ನಮಗೆ ದೂರದ ಮಾತಲ್ಲ. ಹಾಗೆಂದು ಸೂಚಕಗಳೆಲ್ಲ ಹೀಗೆ ಸುತ್ತುಬಳಸಿ ಮಾತಾಡುವುದಿಲ್ಲ ಎಂಬುದಕ್ಕೂ ಇದೇ ಕಾಯಿಲೆ ಸಾಕ್ಷಿ. ಈ ರೋಗಿಗಳ ಹಿಮೋಗ್ಲೋಬಿನ್ ಅಣುವೇ ಬೇರೆ ಎಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ಮೂರು ವರ್ಷಗಳ ನಂತರ ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ ಅದು ಕಂಡುಬಂದದ್ದು ವರದಿಯಾಯಿತು. ಇಲ್ಲಿ ಲ್ಯಾಬ್ ಅಳೆಯುವ ಆ ಬೇರೆಯಾದ ಅಣು, ಅಂದರೆ ಹಿಮೋಗ್ಲೋಬಿನ್ ಎಸ್, ಬರೀ ಸಾಕ್ಷಿಯಲ್ಲ, ಕಾಯಿಲೆಯ ಮೂಲವೇ ಅದು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಏಳು ಕೋಟಿ ಜನರ ತಪಾಸಣೆಗೆ ಹೊರಟದ್ದು ಇಂಥ ಗಟ್ಟಿ ಸೂಚಕ ಕೈಯಲ್ಲಿದ್ದುದರಿಂದಲೇ.

ಇನ್ನು, ನಮ್ಮಲ್ಲಿ ಯಾರೂ ಕೇಳದೆ ಉಳಿಯುವ ಸೂಚಕವೊಂದಿದೆ: ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವ. ಕಾಂಡಕೊರಕಕ್ಕೆ, ಕಾಯಿಕೊರಕಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಔಷಧಿಗಳು ಈ ಕಿಣ್ವವನ್ನು ತಡೆಯುತ್ತವೆ, ಆದ್ದರಿಂದ ಅದು ರಕ್ತದಲ್ಲಿ ಎಷ್ಟು ಕುಸಿದಿದೆ ಎಂಬುದರಿಂದ ಮೈಗೆ ಎಷ್ಟು ವಿಷ ತಗುಲಿದೆ ಎಂದು ಅಂದಾಜಿಸಬಹುದು. ತೊಡಕೆಂದರೆ, ಆರೋಗ್ಯವಂತರಲ್ಲೇ ಒಬ್ಬರಿಂದೊಬ್ಬರಿಗೆ ಅದರ ಮಟ್ಟ ಬಹಳ ಬೇರೆ. ಸಹಜವಾಗಿಯೇ ಹೆಚ್ಚಿದ್ದವರಲ್ಲಿ ಮೂರರಲ್ಲೊಂದು ಪಾಲು ಕುಸಿದರೂ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದೇ ಬರಬಹುದು. ಆದ್ದರಿಂದ ಔಷಧಿ ಹೊಡೆಯುವ ಮೊದಲೇ ಒಮ್ಮೆ ಅಳೆದಿಡಬೇಕು. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಕೆಂಪುಕಣದ ಕೋಲಿನೆಸ್ಟರೇಸ್ ಆಯಾ ಕೆಲಸಗಾರನ ಸ್ವಂತ ಮೊದಲ ಅಂಕಿಯ ಶೇ. 70 ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಅವನನ್ನು ಆ ಕೆಲಸದಿಂದ ತೆಗೆಯಬೇಕು. ಇನ್ನೊಬ್ಬರ ಸರಾಸರಿಗೆ ಅಲ್ಲಿ ಬೆಲೆಯಿಲ್ಲ.

ಇದನ್ನು ಆ ಹಿರಿಯ ಬೆಳೆಗಾರರಿಗೆ ಹೇಳಿದಾಗ ಅವರು ತಕ್ಷಣ ಹಿಡಿದುಕೊಂಡರು, ಏಕೆಂದರೆ ಅವರ ಮನೆಯಲ್ಲಿ ತಂದೆಯ ಕಾಲದಿಂದ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಪಾಲು) ಬರೆದಿಟ್ಟ ಪುಸ್ತಕಗಳಿವೆ. ಕಾಫಿ ಹೂವರಳಿಸುವ ಈ ಸಲದ ಹೂಮಳೆ ಸಾಲದೆಂದು ಅವರು ಹೇಳುವುದು ಮಡಿಕೇರಿಯ ಲೆಕ್ಕ ನೋಡಿ ಅಲ್ಲ, ತಮ್ಮ ಅಂಗಳದ ಮಾಪಕದ ಹಳೆಯ ಲೆಕ್ಕ ನೋಡಿ. ಏಪ್ರಿಲ್‌ನಲ್ಲಿ ಔಷಧಿ ಹೊಡೆಯುವ ಮೊದಲು ನಾಲ್ವರು ಕೆಲಸಗಾರರನ್ನು ಅವರೇ ಜೀಪಿನಲ್ಲಿ ಕರೆತಂದರು, ಲೆಕ್ಕವನ್ನು ಮಳೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತೇನೆ ಎಂದರು. ಬೇಡ ಎಂದೆ. ನಾಲ್ಕು ರಿಪೋರ್ಟುಗಳನ್ನೂ ನಾಲ್ಕು ಬೇರೆ ಲಕೋಟೆಗಳಲ್ಲಿ ಹಾಕಿ ಅವರವರ ಕೈಗೇ ಕೊಟ್ಟೆ, ಲಕೋಟೆಯ ಮೇಲೆ ತಾರೀಕನ್ನೂ ‘ಔಷಧಿಗೆ ಮೊದಲು’ ಎಂಬ ಎರಡು ಪದಗಳನ್ನೂ ದೊಡ್ಡದಾಗಿ ಬರೆದು.