ಸ್ಪೈಡರ್‌ಮ್ಯಾನ್‌ಗೆ ಯಾವ ಬಣ್ಣದ ಉಂಗುರ?

ಕಾಮಿಕ್ಸ್ ಓದುವವರು ನಾಲ್ಕು ಜನ ಸೇರಿದರೆ ನನಗೆ ಎದುರಾಗುವ ಪ್ರಶ್ನೆ ಇದು. ಅಮೆರಿಕದ ಎರಡು ದೊಡ್ಡ ಕಾಮಿಕ್ಸ್ ಸಂಸ್ಥೆಗಳಾದ ಡಿಸಿ ಮತ್ತು ಮಾರ್ವೆಲ್‌ನ ಪ್ರಪಂಚಗಳು ಒಂದಾಗಿ, ಗ್ರೀನ್ ಲ್ಯಾಂಟರ್ನ್ ಕಥೆಗಳಲ್ಲಿ ಬರುವ ಭಾವನೆಯ ಉಂಗುರಗಳು ಮಾರ್ವೆಲ್‌ನ ನಾಯಕರನ್ನು ಹುಡುಕಿಕೊಂಡು ಹೊರಟರೆ ಯಾರಿಗೆ ಯಾವ ಬಣ್ಣ? ಕೇಳುವವರ ಬಳಿ ಉತ್ತರವೂ ಸಿದ್ಧವಾಗಿರುತ್ತದೆ: ಹಲ್ಕ್‌ಗೆ ಕೆಂಪು, ಥಾನೋಸ್‌ಗೆ ಕಪ್ಪು, ಕ್ಯಾಪ್ಟನ್ ಅಮೆರಿಕಾಗೆ ಹಸಿರು, ಅಲ್ಲವೇ? ಮೂರನ್ನೂ ನಾನು ಒಪ್ಪುವುದಿಲ್ಲ. ಏಕೆಂದು ಒಮ್ಮೆ ಬಿಡಿಸಿ ಬರೆಯುತ್ತೇನೆ.

ಮೊದಲು, ಈ ಉಂಗುರಗಳ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಗ್ರೀನ್ ಲ್ಯಾಂಟರ್ನ್ ಎಂಬ ಹೆಸರು 1940ರದು. ಆದರೆ ಇಂದು ನಾವು ಬಲ್ಲ ಹಾಲ್ ಜೋರ್ಡನ್, ಅಂದರೆ ಹಸಿರು ಉಂಗುರ ತೊಟ್ಟ ಅಂತರಿಕ್ಷದ ಕಾವಲುಗಾರ, ಬಂದದ್ದು 1959ರಲ್ಲಿ. ಜಾನ್ ಬ್ರೂಮ್ ಬರೆದರು, ಗಿಲ್ ಕೇನ್ ಚಿತ್ರಿಸಿದರು. ಉಂಗುರ ನಡೆಯುವುದು ಸಂಕಲ್ಪಬಲದಿಂದ. ಅದಕ್ಕೊಂದು ವಿಚಿತ್ರ ದೌರ್ಬಲ್ಯವಿತ್ತು: ಹಳದಿ ಬಣ್ಣದ ವಸ್ತುವಿನ ಮೇಲೆ ಅದು ಕೆಲಸ ಮಾಡುತ್ತಿರಲಿಲ್ಲ. ದಶಕಗಳ ಕಾಲ ಓದುಗರು ಇದನ್ನು ಹಾಗೆಯೇ ಒಪ್ಪಿಕೊಂಡು ಬಂದರು. 2004ರಲ್ಲಿ ಜೆಫ್ ಜಾನ್ಸ್ ಈ ಸರಣಿಯನ್ನು ಕೈಗೆತ್ತಿಕೊಂಡು, ಹಳದಿ ಎಂದರೆ ಭಯ ಎಂದರು. ಸಂಕಲ್ಪ ಸೋಲುವುದು ಭಯದ ಎದುರಿಗೇ ಅಲ್ಲವೇ? ಹಳೆಯ ಕಾಮಿಕ್ಸ್‌ನ ಒಂದು ತೊಡಕನ್ನು ಇಷ್ಟು ಅಂದವಾಗಿ ಬಿಡಿಸಿದ ಇನ್ನೊಂದು ಉದಾಹರಣೆಯನ್ನು ನಾನು ಓದಿಲ್ಲ. ಹಸಿರಿಗೂ ಹಳದಿಗೂ ಒಂದೊಂದು ಭಾವ ಇದೆಯೆಂದಾದ ಮೇಲೆ ಕಾಮನಬಿಲ್ಲಿನ ಉಳಿದ ಬಣ್ಣಗಳು ಸುಮ್ಮನಿರಲು ಸಾಧ್ಯವಿರಲಿಲ್ಲ. ಕೆಂಪು ಕ್ರೋಧವಾಯಿತು, ಕಿತ್ತಳೆ ದುರಾಸೆ, ನೀಲಿ ಭರವಸೆ, ಊದಾ ಕರುಣೆ, ನೇರಳೆ ಪ್ರೀತಿ. ಇವುಗಳಾಚೆ ಸಾವಿಗೆ ಕಪ್ಪು, ಜೀವಕ್ಕೆ ಬಿಳಿ. 2007ರ, ಹಳದಿ ಉಂಗುರದವರ ನಾಯಕ ಸಿನೆಸ್ಟ್ರೊನ ಪಡೆಯ ಯುದ್ಧ, 2009ರಲ್ಲಿ ಶುರುವಾದ ಬ್ಲ್ಯಾಕೆಸ್ಟ್ ನೈಟ್, ಇವೆರಡು ಕಥನಗಳಲ್ಲಿ ಈ ವ್ಯವಸ್ಥೆ ಪೂರ್ತಿ ಅರಳಿತು.

ಈ ವರ್ಷಗಳನ್ನು ಹೇಳಲು ಕಾರಣವಿದೆ. ಡಿಸಿ, ಮಾರ್ವೆಲ್ ಎರಡೂ ಕೈ ಜೋಡಿಸಿ 1976ರಲ್ಲಿ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್‌ರನ್ನು ಎದುರುಬದುರು ನಿಲ್ಲಿಸಿದ್ದವು. 1995ರಲ್ಲಿ ಆಗಿನ ಗ್ರೀನ್ ಲ್ಯಾಂಟರ್ನ್ ಕೈಲ್ ರೇನರ್ ಸಿಲ್ವರ್ ಸರ್ಫರ್‌ನನ್ನು ಭೇಟಿಯಾಗಿದ್ದ. 1996-97ರಲ್ಲಿ ಎರಡೂ ಕಡೆಯ ನಾಯಕರನ್ನು ಬೆಸೆದು ಹೊಸಬರನ್ನು ಸೃಷ್ಟಿಸಿದಾಗ ಐರನ್‌ಮ್ಯಾನ್ ಮತ್ತು ಗ್ರೀನ್ ಲ್ಯಾಂಟರ್ನ್ ಸೇರಿ ಐರನ್ ಲ್ಯಾಂಟರ್ನ್ ಆಗಿದ್ದರು. 2003-04ರಲ್ಲಿ ಕರ್ಟ್ ಬ್ಯೂಸಿಕ್ ಮತ್ತು ಜಾರ್ಜ್ ಪೆರೆಜ್ ಜಸ್ಟಿಸ್ ಲೀಗ್ ಮತ್ತು ಅವೆಂಜರ್ಸ್ ಪಡೆಗಳನ್ನು ಒಂದೇ ಕಥೆಗೆ ತಂದರು. ಅಲ್ಲಿಗೆ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2025ರಲ್ಲಿ, ಡೆಡ್‌ಪೂಲ್ ಮತ್ತು ಬ್ಯಾಟ್‌ಮ್ಯಾನ್ ಜೊತೆಯಾದಾಗ. ಏಳು ಬಣ್ಣದ ಉಂಗುರಗಳು ಬೆಳೆದದ್ದು ಪೂರ್ತಿಯಾಗಿ ಈ ಮುಚ್ಚಿದ ಬಾಗಿಲಿನ ವರ್ಷಗಳಲ್ಲಿ. ಹಾಗಾಗಿ ಮಾರ್ವೆಲ್‌ನವರಿಗೆ ಉಂಗುರ ಹಂಚುವ ಕೆಲಸ ಇಷ್ಟು ಕಾಲ ಓದುಗರ ಪಾಲಿಗೇ ಉಳಿದಿತ್ತು, ಅವರು ಅದನ್ನು ಪ್ರೀತಿಯಿಂದ ಮಾಡಿದ್ದಾರೆ. ಈ ಊಹೆಗಳನ್ನು ಮಕ್ಕಳಾಟವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಒಂದು ಪಾತ್ರವನ್ನು ಯಾವ ಭಾವ ನಡೆಸುತ್ತದೆ ಎಂದು ಕೇಳುವುದು ಓದುವಿಕೆಯ ಮೊದಲ ಪಾಠ.

ಊಹೆಗಳು ದಾರಿ ತಪ್ಪುವುದು ಒಂದೇ ಕಡೆ. ಉಂಗುರ ಹೊಸಬನನ್ನು ಆರಿಸುವಾಗ ಒಂದು ಮಾತು ಹೇಳುತ್ತದೆ. ಹಸಿರು ಉಂಗುರ ಹುಡುಕುವುದು ದೊಡ್ಡ ಭಯವನ್ನು ಮೀರಬಲ್ಲವರನ್ನು. ಕೆಂಪು ಹುಡುಕುವುದು ಎದೆಯಲ್ಲಿ ಕ್ರೋಧ ತುಂಬಿದವರನ್ನು, ನೇರಳೆ ಎದೆಯಲ್ಲಿ ಪ್ರೀತಿ ತುಂಬಿದವರನ್ನು. ಹಳದಿ ಮಾತ್ರ ಹಾಗಲ್ಲ, ಅದಕ್ಕೆ ಬೇಕಾದವರು ಇತರರಲ್ಲಿ ಭಯ ಹುಟ್ಟಿಸಬಲ್ಲವರು. ನೀಲಿಯೂ ಅಷ್ಟೇ, ಇತರರಲ್ಲಿ ಭರವಸೆ ಹುಟ್ಟಿಸಬಲ್ಲವರನ್ನು ಅದು ಆರಿಸುತ್ತದೆ. ಅಂದರೆ ಕೆಲವು ಉಂಗುರಗಳು ನಿಮ್ಮ ಒಳಗನ್ನು ನೋಡುತ್ತವೆ, ಇನ್ನು ಕೆಲವು ನಿಮ್ಮ ಎದುರಿಗಿರುವವರ ಮುಖವನ್ನು ನೋಡುತ್ತವೆ. ಎಲ್ಲ ಬಣ್ಣಕ್ಕೂ ಒಂದೇ ಅಳತೆಗೋಲು ಹಿಡಿದರೆ ಉತ್ತರ ತಪ್ಪುತ್ತದೆ.

ಬ್ಯಾಟ್‌ಮ್ಯಾನ್‌ನನ್ನೇ ನೋಡಿ. ಅವನಷ್ಟು ಸಂಕಲ್ಪವಿರುವವನು ಇನ್ನಾರು, ಅವನಿಗೆ ಹಸಿರೇ ಸಲ್ಲಬೇಕು ಎನ್ನುತ್ತೇವೆ. ಆದರೆ ಭೂಮಿಗೆ ಬಂದ ಹಳದಿ ಉಂಗುರ ಹುಡುಕಿ ಹೋದದ್ದು ಅವನನ್ನು. ಗೋಥಮ್‌ನ ಕಳ್ಳರು ಕತ್ತಲಲ್ಲಿ ಬೆಚ್ಚುವುದು ಯಾರ ಹೆಸರಿಗೆ ಎಂಬುದಷ್ಟೇ ಅದಕ್ಕೆ ಬೇಕಾಗಿತ್ತು. ಅವನು ಅದನ್ನು ಕೊಡವಿ ಎಸೆಯುತ್ತಾನೆ. ಹಾಗೆ ಎಸೆಯಲು ನೆರವಾದದ್ದು ಅದಕ್ಕೂ ಹಿಂದಿನ ಒಂದು ಸಣ್ಣ ಪ್ರಸಂಗ. ಹಾಲ್ ಜೋರ್ಡನ್ ತನ್ನ ಹಸಿರು ಉಂಗುರವನ್ನು ಒಮ್ಮೆ ಅವನಿಗೆ ತೊಡಲು ಕೊಟ್ಟಿರುತ್ತಾನೆ. ತೊಟ್ಟ ಕೂಡಲೇ ಹಸಿರು ಬೆಳಕು ಅವನ ತಂದೆತಾಯಿ ಕೊಲೆಯಾದ ರಾತ್ರಿಯತ್ತ ತಿರುಗುತ್ತದೆ. ಆ ಭಯವನ್ನು ಮೀರಲು ತಾನಿನ್ನೂ ಸಿದ್ಧನಿಲ್ಲವೆಂದು ಅವನು ಉಂಗುರ ಕಳಚಿ ಹಿಂದಿರುಗಿಸುತ್ತಾನೆ. ಮೀರಿಬಿಟ್ಟರೆ ಅವನು ಬ್ಯಾಟ್‌ಮ್ಯಾನ್ ಆಗಿ ಉಳಿಯುತ್ತಾನೆಯೇ? ಆ ಪಾತ್ರದ ಬಗ್ಗೆ ಪುಟಗಟ್ಟಲೆ ಬರೆದ ವಿಮರ್ಶೆಗಿಂತ ಆ ಒಂದು ದೃಶ್ಯ ಹೆಚ್ಚು ಹೇಳುತ್ತದೆ.

ಕ್ಯಾಪ್ಟನ್ ಅಮೆರಿಕಾಗೆ ನಾನು ನೀಲಿ ಕೊಡುವುದು ಇದೇ ಲೆಕ್ಕದಲ್ಲಿ. ಅವನಿಗೆ ಸಂಕಲ್ಪ ಇಲ್ಲವೆಂದಲ್ಲ. ಆದರೆ ಅವನು ಕಣಕ್ಕೆ ಇಳಿದಾಗ ಬದಲಾಗುವುದು ಅವನ ಸುತ್ತ ನಿಂತವರು. ಪನಿಷರ್‌ಗೆ ಎಲ್ಲರೂ ಕೆಂಪು ಎನ್ನುತ್ತಾರೆ, ಹೆಂಡತಿ ಮಕ್ಕಳನ್ನು ಕಳೆದುಕೊಂಡವನು ಎಂದು. ನಾನು ಓದಿದ ಪನಿಷರ್‌ನಲ್ಲಿ ಉರಿ ಆರಿ ಹೋಗಿದೆ, ಕೆಲಸ ಮಾತ್ರ ಉಳಿದಿದೆ. ಅವನ ಎದೆಯ ಮೇಲಿನ ತಲೆಬುರುಡೆ ಇರುವುದು ನೋಡುವವರಿಗಾಗಿ. ಅವನದು ಹಳದಿ. ಡೇರ್‌ಡೆವಿಲ್‌ನನ್ನು ಭಯವಿಲ್ಲದವನೆಂದೇ ಕರೆಯುತ್ತಾರಲ್ಲ, ಅವನಿಗೆ ಹಸಿರು ಬರಬಾರದೇ ಎಂದೂ ಕೇಳುತ್ತಾರೆ. 1959ರ ಉಂಗುರ ಹುಡುಕಿದ್ದು ನಿಜಕ್ಕೂ ನಿರ್ಭೀತನನ್ನೇ. ಜಾನ್ಸ್ ಕಾಲದ ಉಂಗುರಕ್ಕೆ ಭಯ ಇರಬೇಕು, ಅದನ್ನು ದಾಟುವ ಗಟ್ಟಿತನವೂ ಇರಬೇಕು. ಭಯವೇ ಇಲ್ಲದವನಿಗೆ ದಾಟಲು ಏನಿದೆ?

ಇನ್ನು ಕೆಂಪು. ಹೆಚ್ಚು ಅನ್ಯಾಯವಾಗಿರುವುದು ಈ ಬಣ್ಣಕ್ಕೆ. ಸಿಡುಕು ಸ್ವಭಾವದವರನ್ನೆಲ್ಲ ಇದರ ಕೆಳಗೆ ಸೇರಿಸಿಬಿಡುತ್ತಾರೆ. ಕೆಂಪು ಪಡೆಯ ಹುಟ್ಟನ್ನು ನೆನಪಿಸಿಕೊಳ್ಳಿ. ಹಸಿರು ಪಡೆಗಿಂತ ಮೊದಲು, ಆ ಪಡೆಯನ್ನು ಮುಂದೆ ಕಟ್ಟಿದ ಗಾರ್ಡಿಯನ್ನರು ಮ್ಯಾನ್‌ಹಂಟರ್ ಎಂಬ ಯಂತ್ರಮಾನವರನ್ನು ಕಾವಲಿಗೆ ಇಟ್ಟಿದ್ದರು. ಆ ಯಂತ್ರಗಳು 666ನೆಯ ವಲಯದ ಜೀವಸಂಕುಲವನ್ನೆಲ್ಲ ಕೊಂದವು. ಬದುಕುಳಿದವರು ಐವರು, ಅವರಲ್ಲೊಬ್ಬ, ಮುಂದೆ ಕೆಂಪು ಪಡೆಯನ್ನು ಕಟ್ಟಿದ ಅಟ್ರೋಸಿಟಸ್. ಬ್ಲ್ಯಾಕೆಸ್ಟ್ ನೈಟ್‌ನಲ್ಲಿ ಕೆಂಪು ಉಂಗುರ ಮೀರಾಳಿಗೆ ಬಂದಾಗ ಅವಳ ಮಗುವನ್ನು ಬ್ಲ್ಯಾಕ್ ಮ್ಯಾಂಟಾ ಕೊಂದಾಗಿತ್ತು, ಸತ್ತ ಗಂಡ ಆಕ್ವಾಮ್ಯಾನ್ ಹೆಣವಾಗಿ ಎದ್ದು ಬಂದು ಅವಳನ್ನು ಅಣಕಿಸುತ್ತಿದ್ದ. ಡೆಕ್ಸ್-ಸ್ಟಾರ್ ಎಂಬ ಬೆಕ್ಕಿನ ಕಥೆಯಂತೂ ಕೆಲವೇ ಪುಟಗಳದ್ದು. ಬ್ರೂಕ್ಲಿನ್‌ನಲ್ಲಿ ಒಬ್ಬ ಹೆಂಗಸು ಆ ಬೀದಿಬೆಕ್ಕನ್ನು ಮನೆಗೆ ತಂದು ಸಾಕುತ್ತಾಳೆ. ಮನೆಗೆ ನುಗ್ಗಿದವನೊಬ್ಬ ಅವಳನ್ನು ಕೊಲ್ಲುತ್ತಾನೆ. ಬೆಕ್ಕು ಬೀದಿಗೆ ಬೀಳುತ್ತದೆ. ಇಬ್ಬರು ಪುಂಡರು ಅದನ್ನು ಚೀಲಕ್ಕೆ ತುರುಕಿ ಸೇತುವೆಯಿಂದ ಎಸೆಯುತ್ತಾರೆ. ಚೀಲ ನೀರು ಮುಟ್ಟುವ ಮೊದಲು ಉಂಗುರ ಬಂದು ತಲುಪುತ್ತದೆ. ಓದುತ್ತ ಗಂಟಲು ಕಟ್ಟಿತು. ಕೆಂಪು ಎಂದರೆ ಕಳೆದುಕೊಂಡವರ ಕ್ರೋಧ. ಕೇಳುವವರಿಲ್ಲದೆ ಉಳಿದುಹೋದ ನೋವು ಅದು.

ಹಾಗಾದರೆ ಮಾರ್ವೆಲ್‌ನಲ್ಲಿ ಕೆಂಪು ಯಾರಿಗೆ? ಎಕ್ಸ್-ಮೆನ್ ಕಥೆಗಳ ಎದುರಾಳಿ ಮ್ಯಾಗ್ನೆಟೊಗೆ. ಜನ ಅವನಿಗೆ ಹಳದಿ ಕೊಡುತ್ತಾರೆ. ಆದರೆ 1981ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಅವನನ್ನು ನಾತ್ಸಿಗಳ ಆಶ್ವಿಟ್ಸ್ ಶಿಬಿರದಿಂದ ಬದುಕಿ ಬಂದವನಾಗಿ ತೋರಿಸಿದ ಮೇಲೆ ಆ ಪಾತ್ರದ ಬೇರು ಎಲ್ಲಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅದೇ ಸಂಚಿಕೆಯಲ್ಲಿ ಅವನು ಕಿಟ್ಟಿ ಪ್ರೈಡ್ ಎಂಬ ಹುಡುಗಿಯನ್ನು ಹೊಡೆದುರುಳಿಸುತ್ತಾನೆ. ಸತ್ತೇ ಹೋದಳೆಂದು ತಿಳಿದು, ತಾನು ಎಳೆಯ ಜೀವವೊಂದನ್ನು ತೆಗೆದೆನೆಂದು ಯುದ್ಧವನ್ನೇ ನಿಲ್ಲಿಸಿ ಕುಸಿಯುತ್ತಾನೆ. ಅಟ್ರೋಸಿಟಸ್ ಮತ್ತು ಮ್ಯಾಗ್ನೆಟೊ ಎದುರಾದರೆ ಅವರಿಬ್ಬರ ನಡುವೆ ಮಾತು ಬೆಳೆಯುವುದಿಲ್ಲ, ಬೇಕಾಗುವುದೂ ಇಲ್ಲ.

ಹಲ್ಕ್ ವಿಷಯ ಬೇರೆ. ಕೆಂಪು ಉಂಗುರಕ್ಕೆ ಬೇಕಾದ ಗಾಯ ಅವನಿಗಿಲ್ಲವೆಂದು ನಾನು ಹೇಳುವುದಿಲ್ಲ. 1985ರಲ್ಲಿ ಬಿಲ್ ಮ್ಯಾಂಟ್ಲೊ ಬರೆದ ಸಂಚಿಕೆಯಲ್ಲಿ, ಹಲ್ಕ್ ಆಗಿ ಬದಲಾಗುವ ಬ್ರೂಸ್ ಬ್ಯಾನರ್‌ನ ಬಾಲ್ಯ ಬರುತ್ತದೆ, ಮಗನನ್ನು ಹಿಂಸಿಸಿ ತಾಯಿಯನ್ನು ಕೊಂದ ತಂದೆ ಬರುತ್ತಾನೆ. ಆದರೆ ಉಂಗುರ ಬಂದ ಮೇಲೆ ಕಥೆ ಎಲ್ಲಿಗೆ ಹೋಗುತ್ತದೆ? ಕೆಂಪು ಉಂಗುರ ತೊಟ್ಟವರ ಹೃದಯ ನಿಂತು ಹೋಗುತ್ತದೆ, ರಕ್ತ ಕುದಿಯುತ್ತದೆ, ವಿವೇಕ ಹೊರಟು ಹೋಗುತ್ತದೆ. ಉಂಗುರ ಕಳಚಿದರೆ ಸಾವು. ಬ್ಯಾನರ್ ಇದನ್ನು 1962ರಿಂದ ಅನುಭವಿಸುತ್ತಲೇ ಇದ್ದಾನೆ. ಅವನಿಗೆ ಕೆಂಪು ಕೊಟ್ಟರೆ ಹೊಸದೇನೂ ಕೊಟ್ಟಂತಾಗುವುದಿಲ್ಲ.

ಕೆಂಪಿನ ಹಿಡಿತ ಬಿಡಿಸಲು ದಾರಿಯೊಂದಿದೆ, ನೀಲಿ. ಹಾಲ್ ಜೋರ್ಡನ್ ಒಮ್ಮೆ ಕೆಂಪು ಉಂಗುರಕ್ಕೆ ಸಿಕ್ಕಿಬಿದ್ದಾಗ ಸೇಂಟ್ ವಾಕರ್ ತಂದ ನೀಲಿ ಉಂಗುರವೇ ಅವನನ್ನು ಬಿಡಿಸಿತು. ಗ್ರೀನ್ ಲ್ಯಾಂಟರ್ನ್‌ನ ಅನಿಮೇಟೆಡ್ ಸರಣಿಯಲ್ಲಿ ರೇಜರ್ ಎಂಬ ಯುವಕನಿದ್ದಾನೆ. ಹೆಂಡತಿಯನ್ನು ಕಳೆದುಕೊಂಡು ಕೆಂಪು ತೊಟ್ಟವನು. 2013ರ ಕೊನೆಯ ಕಂತಿನಲ್ಲಿ, ಎಲ್ಲರೂ ಸತ್ತಳೆಂದುಕೊಂಡ, ಅವನು ಪ್ರೀತಿಸಿದ ಆಯಾ ಎಂಬ ಯಂತ್ರಕನ್ಯೆ ಎಲ್ಲೋ ಇದ್ದಾಳೆಂದು ನಂಬಿ ಅವನು ಒಬ್ಬನೇ ಹೊರಡುತ್ತಾನೆ, ಅವನ ಹಿಂದೆ ಒಂದು ನೀಲಿ ಉಂಗುರ ಹಾರಿ ಬರುತ್ತದೆ. ಆ ಸರಣಿ ಅಲ್ಲಿಗೇ ನಿಂತುಹೋಯಿತೆಂಬ ಬೇಸರ ನನಗೆ ಇಂದಿಗೂ ಇದೆ. ಬ್ಯಾನರ್‌ಗೆ ನಾನು ಕೊಡುವುದು ಆ ಉಂಗುರವನ್ನು. ಭರವಸೆ ಹುಟ್ಟಿಸುವವನು ಅವನಲ್ಲ ಎಂದು ನೀವು ನನ್ನದೇ ಮಾತನ್ನು ನನಗೆ ತಿರುಗಿಸಬಹುದು. ಗುಣವಾಗದ ಕಾಯಿಲೆಯನ್ನು ಹೊತ್ತು ಊರೂರು ಅಲೆಯುತ್ತ, ಮತ್ತೆ ಮತ್ತೆ ಮದ್ದು ಹುಡುಕುವವನನ್ನು ನೋಡಿದವರಿಗೆ ಏನನ್ನಿಸುತ್ತದೆ ಎಂದು ನಾನು ಕೇಳುತ್ತೇನೆ.

ಥಾನೋಸ್‌ಗೆ ಕಪ್ಪು ಎನ್ನುವವರಿಗೆ ಉತ್ತರ ಚಿಕ್ಕದು. ಕಪ್ಪು ಉಂಗುರ ಹುಡುಕುವುದು ಸತ್ತವರನ್ನು. ಜಿಮ್ ಸ್ಟಾರ್ಲಿನ್ ಬರೆದ 1991ರ ಇನ್ಫಿನಿಟಿ ಗಾಂಟ್ಲೆಟ್ ಓದಿ. ಅಲ್ಲಿ ಥಾನೋಸ್ ವಿಶ್ವದ ಅರ್ಧ ಜೀವಗಳನ್ನು ಅಳಿಸುವುದು ಸಾವು ಎಂಬ ಹೆಣ್ಣಿನ ಒಲವು ಗಳಿಸಲು. ಅವಳು ಅವನತ್ತ ತಿರುಗಿಯೂ ನೋಡುವುದಿಲ್ಲ. ಸಿನಿಮಾದ ಥಾನೋಸ್‌ಗೆ ಬೇರೆ ಕಾರಣಗಳಿವೆ, ಆದರೆ ಕಾಮಿಕ್ಸ್‌ನ ಥಾನೋಸ್‌ಗೆ ನೇರಳೆಯಲ್ಲದೆ ಇನ್ನಾವ ಬಣ್ಣವೂ ಒಪ್ಪುವುದಿಲ್ಲ. ಉಂಗುರ ನೋಡುವುದು ಎದೆಯಲ್ಲಿ ಪ್ರೀತಿ ಇದೆಯೇ ಎಂದು. ಆ ಪ್ರೀತಿ ಒಳ್ಳೆಯದೋ ಕೆಟ್ಟದೋ ಎಂದು ಅದು ವಿಚಾರಿಸುವುದಿಲ್ಲ.

ಕೊನೆಗೆ, ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಸಿಕೊಂಡ ಹೆಸರು, ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್. ಅವನನ್ನು ನಡೆಸುವುದು ಅಪರಾಧಪ್ರಜ್ಞೆ, ಬೆನ್ ಚಿಕ್ಕಪ್ಪನ ಸಾವಿಗೆ ತಾನೇ ಕಾರಣ ಎಂಬ ಕೊರಗು. ಏಳು ಬಣ್ಣಗಳಲ್ಲಿ ಇದಕ್ಕೆ ಜಾಗವಿಲ್ಲ. ಹತ್ತಿರದ್ದು ಊದಾ ಎಂದು ಕೆಲವರು ವಾದಿಸುತ್ತಾರೆ. ಊದಾ ಪಂಗಡದ ಗುಟ್ಟು ಮುಂದೆ ಹೊರಬಿದ್ದಾಗ, ಅದರಲ್ಲಿದ್ದವರು ಕ್ರೂರ ಅಪರಾಧಿಗಳು, ಉಂಗುರ ಅವರ ಮೇಲೆ ಬಲವಂತದಿಂದ ಕರುಣೆ ಹೇರಿತ್ತು ಎಂದು ತಿಳಿಯಿತು. ಸ್ಟಾರ್ ಟ್ರೆಕ್ ಜೊತೆಗಿನ 2015ರ ಸಂಗಮ ಕಥೆಯಲ್ಲಿ ಅದೇ ಊದಾ ಡಾಕ್ಟರ್ ಮೆಕಾಯ್‌ಗೆ ಸಿಕ್ಕಿದ್ದೂ ಉಂಟು, ವೈದ್ಯನಿಗೆ ಅದು ಒಪ್ಪುತ್ತದೆ. ಪೀಟರ್‌ನ ಕರುಣೆಗೆ ಉಂಗುರ ಬೇಕಾಗಿಲ್ಲ.

ಅವನಿಗೆ ಹಸಿರು. ನನ್ನ ಸಾಕ್ಷಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಮಾಡಿದ ಸ್ಪೈಡರ್‌ಮ್ಯಾನ್ ಸರಣಿಯ 33ನೆಯ ಸಂಚಿಕೆ, 1966ರದು. ಡಾಕ್ಟರ್ ಆಕ್ಟೋಪಸ್‌ನ ನೀರಡಿಯ ನೆಲೆಯಲ್ಲಿ ಬೃಹತ್ ಯಂತ್ರವೊಂದು ಅವನ ಮೇಲೆ ಬಿದ್ದಿದೆ. ಮೇ ಚಿಕ್ಕಮ್ಮನನ್ನು ಉಳಿಸುವ ಔಷಧಿ ಕೈಗೆಟುಕದ ದೂರದಲ್ಲಿ ನೆಲದ ಮೇಲಿದೆ. ಚಾವಣಿಯಿಂದ ನೀರು ಸೋರುತ್ತಿದೆ. ಅವನು ಎತ್ತಲು ನೋಡುತ್ತಾನೆ, ಆಗುವುದಿಲ್ಲ. ಇನ್ನೊಬ್ಬರನ್ನು ತನ್ನ ಕೈಯಾರೆ ಕಳೆದುಕೊಳ್ಳುತ್ತೇನೆಂಬ ಭಯ ಅವನನ್ನು ಆ ಯಂತ್ರಕ್ಕಿಂತ ಹೆಚ್ಚು ಅದುಮುತ್ತದೆ. ಚೌಕಗಳು ಒಂದೊಂದಾಗಿ ದೊಡ್ಡದಾಗುತ್ತ ಹೋಗಿ, ಪುಟ ತಿರುವಿದರೆ ಇಡೀ ಪುಟದ ಚಿತ್ರದಲ್ಲಿ ಅವನು ಯಂತ್ರವನ್ನು ಎತ್ತಿ ಹಿಡಿದು ನಿಂತಿದ್ದಾನೆ. ಭಯ ಹೋಗಿಲ್ಲ, ಅವನು ಅದನ್ನು ದಾಟಿದ್ದಾನೆ. ಹಸಿರು ಉಂಗುರ ಕೇಳುವುದು ಇಷ್ಟನ್ನೇ.

ಇದರಲ್ಲಿ ಇನ್ನೊಂದು ಕಥೆಯೂ ಅಡಗಿದೆ. ನೀಲಿ ಉಂಗುರ ಒಂಟಿಯಾಗಿದ್ದರೆ ತೊಟ್ಟವನನ್ನು ಹಾರಿಸುತ್ತದೆ, ಕಾಪಾಡುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಮಾಡಲಾರದು. ಹಸಿರು ಹತ್ತಿರ ಬಂದಾಗಲೇ ಅದರ ಪೂರ್ಣಶಕ್ತಿ. ಹಸಿರಿಗೂ ನೀಲಿಯಿಂದ ಬಲ ತುಂಬುತ್ತದೆ. ನೀಲಿ ತೊಟ್ಟ ಬ್ಯಾನರ್, ಹಸಿರು ತೊಟ್ಟ ಪೀಟರ್, ಅವರಿಬ್ಬರನ್ನೂ ಬೇರ್ಪಡಿಸಿದರೆ ಗೆಲುವು ತನ್ನದೆಂದು ಅರಿತ ಸಿನೆಸ್ಟ್ರೊ. ಎರಡು ಸಂಸ್ಥೆಗಳು ಮತ್ತೆ ಮಾತುಕತೆಗೆ ಕೂತಿವೆ. ಈ ಕಥೆಯನ್ನು ಯಾರಾದರೂ ಬರೆದರೆ ಮೊದಲ ಪ್ರತಿ ಕೊಳ್ಳುವವರ ಸಾಲಿನಲ್ಲಿ ನಾನಿರುತ್ತೇನೆ.