ಪದ್ಮಿನಿಯ ಗ್ಯಾರೇಜಿನಲ್ಲಿ ಆಡಿ ಟಿಟಿ

ಧಾರವಾಡದ ಮಾಳಮಡ್ಡಿಯ ನಮ್ಮ ಗ್ಯಾರೇಜನ್ನು ಅಜ್ಜ ಪದ್ಮಿನಿ ಕಾರಿಗೆಂದು ಕಟ್ಟಿಸಿದ್ದು. ಒಳ ಅಗಲ 8 ಅಡಿ. ಪದ್ಮಿನಿ ಬರೀ 1460 ಮಿ.ಮೀ. ಅಗಲ, ನನ್ನ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ 1832, ಅದೂ ಕನ್ನಡಿ ಬಿಟ್ಟು. ಉಳಿಯುವುದು ಸುಮಾರು 2 ಅಡಿ. ಸಾಕಲ್ವಾ ಅನಿಸುತ್ತದೆ. ಆದರೆ ಎರಡೇ ಬಾಗಿಲಿನ ಕಾರಿಗೆ ಬಾಗಿಲು ಜಾಸ್ತಿ ಉದ್ದ, ಸ್ವಲ್ಪ ತೆರೆದರೂ ಗೋಡೆಗೆ ತಾಗುತ್ತದೆ.

ಹಾಗಾಗಿ ಅವ್ವನನ್ನು ಹೊರಗೇ ಇಳಿಸಿ, ಕನ್ನಡಿ ಮಡಚಿ, ಎಡಗೋಡೆಗೆ ಅರ್ಧ ಗೇಣು ಬಿಟ್ಟು ನುಗ್ಗಿಸುತ್ತೇನೆ. ಅವ್ವ ಹಿಂದೆ ನಿಂತು "ಇನ್ನಷ್ಟು ಎಡಕ್ಕ ತಗೋ" ಅನ್ನುತ್ತಾಳೆ. ಲೈಸೆನ್ಸ್ ಇಲ್ಲದಿದ್ದರೂ ಅವಳ ಅಂದಾಜು ಪಕ್ಕಾ. ಬಲಗೋಡೆಯಲ್ಲಿ ಬಾಗಿಲಿನ ಅಂಚು ತಾಗುವ ಕಡೆ ಹಳೆ ಯೋಗ ಮ್ಯಾಟ್ ಅಂಟಿಸಿದ್ದೇನೆ. ಮೇಲಿಂದ ದಾರಕ್ಕೆ ಟೆನಿಸ್ ಚೆಂಡು ಇಳಿಬಿಟ್ಟಿದ್ದೇನೆ; ಗಾಜಿಗೆ ತಾಗಿದರೆ ಬ್ರೇಕು.

ಇಳಿಯುವುದೇ ದೊಡ್ಡ ಸರ್ಕಸ್. ಸೀಟು ಪೂರ್ತಿ ಹಿಂದೆ ತಳ್ಳಿ ಮೊದಲು ಬಲಗಾಲು, ಆಮೇಲೆ ತಲೆ, ಕೊನೆಗೆ ಹೊಟ್ಟೆ. ಇನ್ನು ಗಟಾರದ ಮೇಲಿನ ಫರಸಿಗೆ ಬಂಪರ್ ಉಜ್ಜುತ್ತಿದೆ. ಅಲ್ಲಿ ಓರೆಯಾಗಿ ಕಾಂಕ್ರೀಟ್ ಹಾಕಿಸಬೇಕು.