ಕೈಗುಣ ಕಳೆದರೆ ಉಳಿಯುವುದೆಷ್ಟು?

ಏಪ್ರಿಲ್ 18, 2025, ಶುಕ್ರವಾರ

ಇವತ್ತು ಗುಡ್ ಫ್ರೈಡೇ, ಆಫೀಸಿಗೆ ರಜೆ. ಬೆಳಿಗ್ಗೆಯಿಂದ ತಲೆಯಲ್ಲಿ 1962ರ ಗುಡ್ ಫ್ರೈಡೇಯೇ ಸುತ್ತುತ್ತಿದೆ.

ಅವತ್ತು ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನಲ್ಲಿ, ನೆಲಮಾಳಿಗೆಯ ಪುಟ್ಟ ಪ್ರಾರ್ಥನಾ ಕೋಣೆಯೊಳಗೆ, ಧರ್ಮಶಾಸ್ತ್ರ ಓದುತ್ತಿದ್ದ 20 ಹುಡುಗರು ಕೂತಿದ್ದರು. ಮೇಲೆ ಪಾದ್ರಿ ಹೋವರ್ಡ್ ಥರ್ಮನ್ ಮಾಡುತ್ತಿದ್ದ ಪ್ರವಚನ ಕೆಳಗೆ ಸ್ಪೀಕರ್‌ನಲ್ಲಿ ಕೇಳಿಸುತ್ತಿತ್ತು. ಹತ್ತು ಜನಕ್ಕೆ ಸೈಲೊಸೈಬಿನ್ ಕೊಟ್ಟಿದ್ದರು. ಕೆಲವು ಜಾತಿಯ ಅಣಬೆಯಲ್ಲಿರುವ, ಮನಸ್ಸಿಗೆ ಕಾಣುವುದನ್ನೇ ಬದಲಿಸುವ ಪದಾರ್ಥ ಅದು. ಉಳಿದ ಹತ್ತು ಜನಕ್ಕೆ ನಿಕೋಟಿನಿಕ್ ಆಸಿಡ್, ಬರೀ ವಿಟಮಿನ್. ಯಾರಿಗೆ ಯಾವುದು ಅಂತ ಹೇಳಿರಲಿಲ್ಲ. ಈ ಪದಾರ್ಥದಿಂದ ದೈವಾನುಭವದಂಥದ್ದು ಆಗುತ್ತದೆಯೇ ಅಂತ ನೋಡಲು ಈ ಪ್ರಯೋಗ ಮಾಡಿದ್ದು ವಾಲ್ಟರ್ ಪಾಂಕೆ, ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಡಾಕ್ಟರು.

ವಿಟಮಿನ್ ಆರಿಸಿದ್ದು ಸುಮ್ನೆ ಅಲ್ಲ. ಅದನ್ನು ತಗೊಂಡರೆ ಮುಖ ಬಿಸಿಯಾಗುತ್ತದೆ, ಮೈ ಚುರುಚುರು ಅನ್ನುತ್ತದೆ. ಹಾಗಾಗಿ ಮೊದಮೊದಲು ಅವರಲ್ಲಿ ಕೆಲವರು ನಿಜವಾದದ್ದು ನಮಗೇ ಸಿಕ್ಕಿದೆ ಅಂದುಕೊಂಡರು. ಸ್ವಲ್ಪ ಹೊತ್ತಿಗೆಲ್ಲ ಗುಟ್ಟು ಬಯಲಾಯಿತು. ಪಕ್ಕದವನು ಬೇರೆಯೇ ಲೋಕದಲ್ಲಿದ್ದಾನೆ, ನಾನು ಮಾತ್ರ ಬೆಂಚಿನ ಮೇಲೆ ಕೂತಿದ್ದೇನೆ ಅಂದಮೇಲೆ ಇನ್ನೇನು ಮುಚ್ಚಿಡುವುದು, ಅಲ್ವಾ?

ನಾನು ಕೆಲಸ ಮಾಡುವುದೇ ಔಷಧಿ ಪರೀಕ್ಷೆಗಳ ಲೆಕ್ಕದಲ್ಲಿ. ಯಾರಿಗೆ ಯಾವುದು ಸಿಕ್ಕಿದೆ ಅನ್ನುವ ಗುಟ್ಟಿನ ಕೋಡನ್ನು ಸಾಮಾನ್ಯವಾಗಿ ಕೊನೆಯ ರೋಗಿಯ ಕೊನೆಯ ಭೇಟಿ ಮುಗಿಯುವವರೆಗೂ ಒಡೆಯುವ ಹಾಗಿಲ್ಲ. ನಮ್ಮೂರಲ್ಲಿ 'ಆ ಡಾಕ್ಟ್ರ ಕೈಗುಣ ಒಳ್ಳೇದು' ಅಂತಾರೆ. ಮಾತ್ರೆ ಅದೇ, ಆದರೂ ಅವರು ಕೊಟ್ಟರೆ ಬೇಗ ವಾಸಿ. ಈ ಕೈಗುಣವನ್ನು ಲೆಕ್ಕದಿಂದ ಕಳೆದು, ಉಳಿದದ್ದನ್ನು ಔಷಧಿಯ ಗುಣ ಅನ್ನುವುದೇ ನಮ್ಮ ಕೆಲಸ.

ಆದರೆ ಕಳೆಯಬೇಕಾದರೆ ಎರಡೂ ಬೇರೆಬೇರೆ ಇರಬೇಕು. ಆ ನೆಲಮಾಳಿಗೆಯಲ್ಲಿ ಪ್ರವಚನ, ಆ ದಿನ, ಹುಡುಗರ ನಂಬಿಕೆ, ಅಣಬೆಯ ಪದಾರ್ಥ ಎಲ್ಲ ಸೇರಿಯೇ ಆ ಅನುಭವ ಆದದ್ದು. ಹೆಪ್ಪು ಹಾಕಿ ಮೊಸರಾದ ಮೇಲೆ ಇದರಲ್ಲಿ ಹಾಲೆಷ್ಟು, ಹೆಪ್ಪೆಷ್ಟು ಅಂತ ಕೇಳಿದ ಹಾಗೆ ನಮ್ಮ ಪ್ರಶ್ನೆ. ಪ್ರಶ್ನೆಯೇ ತಪ್ಪಿರಬಹುದು ಅಂತ ನನಗೆ ಈಗೀಗ ಜಾಸ್ತಿ ಅನ್ನಿಸುತ್ತಿದೆ.

ಹಾಗಂತ ಕಳೆಯುವುದನ್ನೇ ಬಿಟ್ಟುಬಿಡಿ ಅನ್ನಲಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ. ಕೇಳಿ: 191 ಜನ ತಮ್ಮ ಮನೆಯಲ್ಲೇ ಕೂತು ಕೆಲವು ಕ್ಯಾಪ್ಸೂಲ್‌ಗೆ ಸೈಲೊಸೈಬಿನ್‌ನಂಥ ಪದಾರ್ಥದ ತೀರಾ ಸಣ್ಣ ಪ್ರಮಾಣದ ಡೋಸ್ ತುಂಬಿದರು, ಕೆಲವನ್ನು ಖಾಲಿ ಬಿಟ್ಟರು. ಲಕೋಟೆಗೆ ಹಾಕಿ, ಕ್ಯೂಆರ್ ಕೋಡ್ ಅಂಟಿಸಿ, ಕಲೆಸಿಬಿಟ್ಟರು. ತಮ್ಮ ಕಣ್ಣಿಗೆ ತಾವೇ ಬಟ್ಟೆ ಕಟ್ಟಿಕೊಂಡ ಹಾಗೆ! ಕೆಲವು ವಾರಗಳಾದ ಮೇಲೆ ನೋಡಿದರೆ ಡೋಸ್ ತಗೊಂಡವರ ಮನಸ್ಸೂ ಹಗುರಾಗಿತ್ತು, ಖಾಲಿ ನುಂಗಿದವರದ್ದೂ ಹಗುರಾಗಿತ್ತು. ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಡೋಸ್ ಅಷ್ಟು ಸಣ್ಣದಿದ್ದಾಗ ಗುಟ್ಟು ಸ್ವಲ್ಪಮಟ್ಟಿಗಾದರೂ ನಿಲ್ಲುತ್ತದೆ, ಕಳೆಯುವ ಲೆಕ್ಕವೂ ನಡೆಯುತ್ತದೆ. ದೊಡ್ಡ ಡೋಸ್‌ನಲ್ಲಿ ನಿಲ್ಲುವುದಿಲ್ಲ. 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎಯ ಸಲಹಾ ಸಮಿತಿ, ಮನಸ್ಸನ್ನು ಬದಲಿಸುವ ಇನ್ನೊಂದು ಪದಾರ್ಥವಾದ ಎಂಡಿಎಂಎ ಚಿಕಿತ್ಸೆಯ ಪರಿಣಾಮ ಸಾಬೀತಾಗಿಲ್ಲ ಅಂತ 9-2 ಮತದಿಂದ ಹೇಳಿದಾಗ, ಎತ್ತಿದ ತಕರಾರುಗಳಲ್ಲಿ ಇದೂ ಒಂದು. ತಮಗೆ ಸಿಕ್ಕಿದ್ದು ಏನು ಅಂತ ಹೆಚ್ಚಿನವರಿಗೆ ಗೊತ್ತಾಗಿಬಿಟ್ಟಿತ್ತು.

ಇಷ್ಟೆಲ್ಲ ಆದರೂ ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ಕಾಡಿದ್ದು ಬೇರೆ. ರಿಕ್ ಡಾಬ್ಲಿನ್ ಎಂಬಾತ ಆ ಹಳೇ ಹುಡುಗರನ್ನು ಹುಡುಕಿ ಮಾತಾಡಿಸಿ 1991ರಲ್ಲಿ ಬರೆದರು. ಸೈಲೊಸೈಬಿನ್ ತಗೊಂಡಿದ್ದವರು ಅಷ್ಟು ವರ್ಷದ ಮೇಲೂ ಆ ದಿನವನ್ನು ದೊಡ್ಡದು ಅನ್ನುತ್ತಿದ್ದರು. ಹೆದರಿದ ಗಳಿಗೆಗಳೂ ಇದ್ದವು ಅಂದರು. ಒಬ್ಬ ಹುಡುಗನಂತೂ ಚಾಪೆಲ್ ಬಿಟ್ಟು ಹೊರಗೆ ಹೋಗಿದ್ದ. ಅವನನ್ನು ವಾಪಸ್ ಕರೆತಂದು, ಶಾಂತವಾಗಲಿ ಅಂತ ಥೊರಾಜಿನ್ ಇಂಜೆಕ್ಷನ್ ಕೊಟ್ಟಿದ್ದರು. ಪಾಂಕೆಯ ಪ್ರಬಂಧದಲ್ಲಿ ಆ ಇಂಜೆಕ್ಷನ್ನಿನ ಸುದ್ದಿಯೇ ಇಲ್ಲ.

ಗುಟ್ಟು ಬಯಲಾದದ್ದನ್ನು ಬರೆದಿಟ್ಟರೆ ಓದುವವರು ತೂಗಿ ನೋಡುತ್ತಾರೆ. ಬರೆಯದೇ ಬಿಟ್ಟ ಹುಡುಗನನ್ನು ಯಾರು ತೂಗುತ್ತಾರೆ?

ನಿನ್ನೆ ಸಂಜೆ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಒಬ್ಬ ರೋಗಿಯ ಫಾರ್ಮ್ ನೋಡಿದ್ದೆ. 'ರಾತ್ರಿ ಎದ್ದು ಕೂತು ಅತ್ತರು' ಅಂತ ನರ್ಸ್ ಬರೆದಿದ್ದರು. ಔಷಧಿಗೆ ಸಂಬಂಧವಿಲ್ಲ ಅನ್ನುವ ಕಡೆ ಟಿಕ್ ಬಿದ್ದಿತ್ತು. ಕಾರಣ ಬರೆಯುವ ಜಾಗ ಖಾಲಿ. ನಾನು ಸುಮ್ಮನೆ ಮುಂದಿನದಕ್ಕೆ ಹೋಗಿದ್ದೆ. ಸೋಮವಾರ ಮೊದಲು ಅದನ್ನು ತೆಗೆದು, ಯಾಕೆ ಅಂತ ಕೇಳಿ ಕಳಿಸಬೇಕು.